ಪುಟ್ಟ ವಿಮಾನದ ಪಿಸ್ಟನ್ ಜೋಡಣೆ

ದುಂಡಸಿ, ಶಿಗ್ಗಾವಿ ಕಡೆ ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿ ಜೋಡಿಸುವುದನ್ನು ನೀವು ನೋಡಿರಬಹುದು. ಮೆಕ್ಯಾನಿಕ್ ಪಿಸ್ಟನ್ನನ್ನು ಕನೆಕ್ಟಿಂಗ್ ರಾಡ್ ಸಮೇತ ಮೇಲಿನಿಂದ ಸಿಲಿಂಡರಿನೊಳಗೆ ಇಳಿಸುತ್ತಾನೆ. ಪುಟ್ಟ ವಿಮಾನದಲ್ಲಿ ಈ ಕ್ರಮ ತಿರುವುಮುರುವು.

ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಪುಷ್ಪಕ್ ವಿಮಾನವನ್ನೇ ನೋಡೋಣ. 1958ರಲ್ಲಿ ಮೊದಲು ಹಾರಿದ ಇದಕ್ಕೆ ಎರಡೇ ಆಸನ, ಒಂದೇ ಎಂಜಿನ್. 90 ಅಶ್ವಶಕ್ತಿಯ ಆ ಕಾಂಟಿನೆಂಟಲ್ ಸಿ-90 ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳು ಎರಡೆರಡಾಗಿ ಎದುರುಬದುರು ಮಲಗಿವೆ. ಗಾಳಿಯಿಂದ ತಂಪಾಗಬೇಕಾದ್ದರಿಂದ ಪ್ರತಿಯೊಂದೂ ಬಿಡಿ ಸಿಲಿಂಡರ್.

ಜೋಡಣೆ ಶುರುವಾಗುವುದು ತಕ್ಕಡಿಯಿಂದ. ಪಿಸ್ಟನ್ನುಗಳ ತೂಕದಲ್ಲಿ ಹತ್ತು ಗ್ರಾಂ ವ್ಯತ್ಯಾಸವಿದ್ದರೆ ಏನಾದೀತು? ಲೆಕ್ಕ ಹಾಕೋಣ. ಪಿಸ್ಟನ್ ಚಲಿಸುವ ದೂರ 98.4 ಮಿ.ಮೀ.; ಅದರ ಅರ್ಧ, ಸುಮಾರು 0.049 ಮೀಟರ್, ಕ್ರ್ಯಾಂಕಿನ ತ್ರಿಜ್ಯ. ನಿಮಿಷಕ್ಕೆ 2475 ಸುತ್ತು ಎಂದರೆ ಕೋನೀಯ ವೇಗ ಸೆಕೆಂಡಿಗೆ 259 ರೇಡಿಯನ್. ಇದರ ವರ್ಗವನ್ನು ತ್ರಿಜ್ಯದಿಂದ ಗುಣಿಸಿದರೆ ವೇಗೋತ್ಕರ್ಷ ಸುಮಾರು 3300 ಮೀ/ಸೆ². ಹತ್ತು ಗ್ರಾಮಿಗೆ ಬಲ 33 ನ್ಯೂಟನ್. ಮೂರೂವರೆ ಕಿಲೋ ತೂಕದ ಸುತ್ತಿಗೆಯನ್ನು ಸೆಕೆಂಡಿಗೆ 41 ಬಾರಿ ಅತ್ತಿತ್ತ ಒತ್ತಿದಂತೆ! ರಾಡ್ ಓರೆಯಾಗುವ ಕಾರಣ ಚಲನೆಯ ಹೊರತುದಿಯಲ್ಲಿ ಬಲ ಇನ್ನೂ ಹೆಚ್ಚು. ಆದ್ದರಿಂದಲೇ ಎದುರುಬದುರಿನ ಪಿಸ್ಟನ್ನುಗಳನ್ನೂ ರಾಡುಗಳನ್ನೂ ತೂಗಿ ಜೊತೆಗೂಡಿಸುತ್ತಾರೆ.

ಮೊದಲು ರಾಡುಗಳನ್ನು ಎಣ್ಣೆ ಸವರಿ ಕ್ರ್ಯಾಂಕ್ ಶಾಫ್ಟಿಗೆ ಕಟ್ಟುತ್ತಾರೆ. ರಾಡಿಗೂ ಅದರ ಕ್ಯಾಪಿಗೂ ಒಂದೇ ಸಂಖ್ಯೆ ಇರಬೇಕು. ಅದಲುಬದಲಾದರೆ ಬೇರಿಂಗ್ ಕುಳಿತುಕೊಳ್ಳುವ ರಂಧ್ರ ವೃತ್ತವಾಗಿ ಉಳಿಯದು. ನಟ್ಟನ್ನು ಟಾರ್ಕ್ ರೆಂಚಿನಿಂದ ಬಿಗಿಯುವುದೇಕೆ? ಬೋಲ್ಟು ಕೂಡ ಒಂದು ಸ್ಪ್ರಿಂಗು. ಅಳತೆಗೆ ತಕ್ಕಷ್ಟು ಹಿಗ್ಗಿದ್ದರೆ ಮಾತ್ರ ಕ್ಯಾಪು ಬಾಯಿ ಬಿಡದು. ಸ್ಪ್ಲಿಟ್ ಪಿನ್ನಿನ ರಂಧ್ರ ಸರಿಹೊಂದಲಿಲ್ಲವೆಂದು ನಟ್ಟನ್ನು ಹಿಂದಕ್ಕೆ ಸಡಿಲಿಸಬಾರದು. ಎಂಜಿನ್ ಪೆಟ್ಟಿಗೆ ಮುಚ್ಚಿದ ಮೇಲೆ ಈ ನಟ್ಟುಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಟ್ರ್ಯಾಕ್ಟರಾದರೆ ಕೆಟ್ಟು ದಾರಿ ಬದಿ ನಿಂತೀತು. ಪುಷ್ಪಕ್ ಹೊಲದಲ್ಲಿ ಇಳಿಯಬೇಕಾದೀತು.

ಬಳಿಕ ರಾಡಿನ ಹೊರತುದಿಗೆ ಪಿನ್ ತೂರಿಸಿ ಪಿಸ್ಟನ್ ಸೇರಿಸುತ್ತಾರೆ. ರಿಂಗಿನ ತುದಿಗಳ ನಡುವಿನ ಸಂದನ್ನು ಮೊದಲೇ ಸಿಲಿಂಡರಿನಲ್ಲಿಟ್ಟು ಅಳೆದಿರಬೇಕು. ಸಂದು ತೀರ ಕಡಿಮೆಯಾದರೆ ಬಿಸಿಗೆ ಹಿಗ್ಗಿದ ತುದಿಗಳು ಒಂದಕ್ಕೊಂದು ತಾಗಿ, ರಿಂಗು ಸಿಲಿಂಡರಿನ ಗೋಡೆಯನ್ನು ಗೀರುತ್ತದೆ. ಎಲ್ಲ ಸಂದುಗಳೂ ಒಂದೇ ಸಾಲಿಗೆ ಬಂದರೆ ಅನಿಲ ಸೋರುತ್ತದೆ. ಆದ್ದರಿಂದ ಅವನ್ನು ಸುತ್ತಲೂ ಹಂಚಿ, ರಿಂಗುಗಳನ್ನು ಪಟ್ಟಿಯಿಂದ ಅದುಮಿ ಹಿಡಿದು, ಸಿಲಿಂಡರನ್ನು ಟೋಪಿಯಂತೆ ಪಿಸ್ಟನ್ ಮೇಲೆ ತೊಡಿಸುತ್ತಾರೆ.

ನಾಲ್ಕೂ ಕೂತ ಬಳಿಕ ಶಾಫ್ಟನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ನೋಡುತ್ತಾರೆ. ಎಲ್ಲಾದರೂ ಹಿಡಿದುಕೊಂಡರೆ ಮತ್ತೆ ಬಿಚ್ಚಬೇಕು.