ರನ್ನನ ಸಿಂಹಾವಲೋಕನ

ಕಥೆಯನ್ನು ಮೊದಲಿನಿಂದ ಹೇಳದೆ, ಕೊನೆಯ ಹತ್ತಿರ ನಿಂತು ಹಿಂದಿನದನ್ನೆಲ್ಲ ನೆನಪಿಗೆ ತರುವ ಕ್ರಮ ಆಧುನಿಕ ಕಾದಂಬರಿಯ ಕೊಡುಗೆಯೆಂದು ಬಹಳ ಮಂದಿ ಭಾವಿಸುತ್ತಾರೆ. ಕನ್ನಡಕ್ಕಾದರೋ ಇದು ಸಾವಿರ ವರ್ಷಗಳ ಪರಿಚಯ. ಚಾಲುಕ್ಯ ಸತ್ಯಾಶ್ರಯನ ಆಶ್ರಯದಲ್ಲಿದ್ದ ಮುದುವೊಳಲಿನ ರನ್ನ ತನ್ನ ‘ಗದಾಯುದ್ಧ’ವನ್ನು ಸಿಂಹಾವಲೋಕನ ಕ್ರಮದಲ್ಲಿ ಹೇಳಿದ್ದಾನೆ. ನಡೆಯುವ ಸಿಂಹ ಆಗಾಗ ನಿಂತು ತಾನು ಬಂದ ದಾರಿಯನ್ನು ತಿರುಗಿ ನೋಡುವಂತೆ ಕಥೆ ಹೇಳುವುದು ಎಂದು ಇದರ ಅರ್ಥ.

ಪಂಪನ ‘ವಿಕ್ರಮಾರ್ಜುನ ವಿಜಯ’ 14 ಆಶ್ವಾಸಗಳಲ್ಲಿ ಭಾರತದ ಕಥೆಯನ್ನು ಮೊದಲಿನಿಂದ ನಡೆಸಿಕೊಂಡು ಬರುತ್ತದೆ. ರನ್ನನ 10 ಆಶ್ವಾಸಗಳು ಯುದ್ಧ ಮುಗಿಯುವ ಹೊತ್ತಿಗೆ ಆರಂಭವಾಗುತ್ತವೆ. ದ್ರೌಪದಿಯ ಮಾತು ಭೀಮನ ಹಳೆಯ ಪ್ರತಿಜ್ಞೆಯನ್ನು ಕೆಣಕುತ್ತದೆ. ಆ ಪ್ರತಿಜ್ಞೆ ನೆರವೇರಿದಾಗ ಕಥೆಯ ವೃತ್ತ ಪೂರ್ಣವಾಗುತ್ತದೆ. ಕೊನೆ ಮೊದಲೇ ತಿಳಿದಿದ್ದರೆ ಸ್ವಾರಸ್ಯವೆಲ್ಲಿ ಎಂದು ಕೇಳಬಹುದು. ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿಗಳ ಕಡೆ ಬಯಲಾಟವನ್ನು ನೋಡಿದವರಿಗೆ ಈ ಸಂಶಯ ಬರಲಾರದು. ಕೌರವ ಬೀಳುತ್ತಾನೆಂದು ಬಲ್ಲವರೇ ಬೆಳಗಾಗುವವರೆಗೆ ಕುಳಿತು ನೋಡುತ್ತಾರೆ. ಏನಾಯಿತೆಂಬ ಕುತೂಹಲ ಇಲ್ಲದ ಕಡೆ, ಆದದ್ದರ ಬೆಲೆಯೇನೆಂಬ ವಿಚಾರಕ್ಕೆ ಎಡೆಯಾಗುತ್ತದೆ.

ಈ ಮಾತಿಗೆ ನಿದರ್ಶನವಾಗಿ, ದುರ್ಯೋಧನ ಸಂಜಯನೊಡನೆ ರಣರಂಗವನ್ನು ಹಾದುಹೋಗುವ ಭಾಗವನ್ನು ನೋಡಬಹುದು. ಒಂದೊಂದು ಹೆಣದ ಮುಂದೆ ಅವನು ನಿಲ್ಲುತ್ತಾನೆ. ಒಂದೊಂದು ಕಡೆಯೂ ಕಳೆದುಹೋದ ಕಾಲ ಎದುರು ಬಂದು ನಿಲ್ಲುತ್ತದೆ. ದ್ರೋಣನನ್ನೂ ದುಶ್ಶಾಸನನನ್ನೂ ಕಂಡು ಮರುಗುತ್ತಾನೆ; ಕರ್ಣನೆದುರು ಅವನ ದುಃಖ ಕಟ್ಟೆಯೊಡೆಯುತ್ತದೆ. ಶತ್ರುವಿನ ಮಗನಾದ ಅಭಿಮನ್ಯುವಿಗೆ ಕೈಮುಗಿದು, ಅಂಥ ಮರಣ ತನಗೂ ಬರಲೆಂದು ಬೇಡುತ್ತಾನೆ. ತನ್ನ ಮಗ ಲಕ್ಷಣಕುಮಾರನ ಮುಂದೆ ಅವನಾಡುವ ಮಾತಿನಲ್ಲಂತೂ ಕಾವ್ಯದ ಮರ್ಮವೇ ಅಡಗಿದೆ. ತಂದೆಗೆ ಮಗ ತರ್ಪಣ ಬಿಡುವುದು ಲೋಕದ ಕ್ರಮ. ಇಲ್ಲಿ ಆ ಕ್ರಮವೇ ತಲೆಕೆಳಗಾಯಿತಲ್ಲ ಎಂಬುದು ಅವನ ಗೋಳು. ಯುದ್ಧ ಲೋಕದ ಕ್ರಮವನ್ನು ತಿರುಗಿಸುತ್ತದೆ. ಅದನ್ನು ಹೇಳಹೊರಟ ಕವಿಯೂ ಕಥೆಯ ಕ್ರಮವನ್ನು ತಿರುಗಿಸಿದ್ದಾನೆ. ಇದು ಕೇವಲ ಚಮತ್ಕಾರವಲ್ಲವೆಂದು ನನ್ನ ನಂಬಿಕೆ.

1979ರಲ್ಲಿ ಪ್ರಕಟವಾದ ಎಸ್.ಎಲ್. ಭೈರಪ್ಪನವರ ‘ಪರ್ವ’ ಕಾದಂಬರಿಯಲ್ಲಿಯೂ ಭಾರತದ ಕಥೆ ನೇರವಾಗಿ ಸಾಗುವುದಿಲ್ಲ. ಯುದ್ಧ ಸಮೀಪಿಸಿದಾಗ ಮದ್ರದೇಶದ ಮುದುಕ ಶಲ್ಯನಿಂದ ಅದು ತೊಡಗುತ್ತದೆ. ಕುಂತಿ, ದ್ರೌಪದಿ, ಭೀಮ, ಕರ್ಣ ಮೊದಲಾದವರು ತಮ್ಮ ಬಾಳನ್ನು ತಾವೇ ತಿರುಗಿ ನೋಡಿಕೊಳ್ಳುತ್ತಾರೆ. ರನ್ನನಲ್ಲಿ ಹಿಂದಿನದನ್ನು ಎಬ್ಬಿಸುವುದು ರಣಭೂಮಿ. ಇಲ್ಲಿ ಒಬ್ಬೊಬ್ಬರ ಅಂತರಂಗ. ಎರಡರಲ್ಲಿಯೂ ಗೆದ್ದವರು ಯಾರೆಂಬುದಕ್ಕಿಂತ ಉಳಿದದ್ದೇನು ಎಂಬ ಪ್ರಶ್ನೆಯೇ ದೊಡ್ಡದಾಗುತ್ತದೆ.

ನಾನು ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ವಿದ್ಯಾರ್ಥಿಗಳು ವೈಶಂಪಾಯನ ಸರೋವರದ ಪ್ರಸಂಗವನ್ನು ಬಾಯಿಪಾಠ ಮಾಡಿ, ರಣರಂಗದ ನಡಿಗೆಯನ್ನು ಬಿಟ್ಟುಬಿಡುತ್ತಿದ್ದರು. ಭೀಮನ ಆರ್ಭಟ ಕಿವಿಗೆ ಹಿತವೇ. ಆದರೆ ಆ ನಡಿಗೆಯಲ್ಲಿ ಕೌರವನೊಡನೆ ನಾಲ್ಕು ಹೆಜ್ಜೆ ಹಾಕಿದವರಿಗೆ ಮಾತ್ರ, ಮುಂದೆ ಅವನ ತೊಡೆ ಮುರಿದಾಗ ಚಪ್ಪಾಳೆ ತಟ್ಟಲು ಕೈಯೇಳುವುದಿಲ್ಲ.