ಬರುವ ಉರಿ, ಆಗುವ ಉರಿ

ರೋಗಗಳಲ್ಲೆಲ್ಲ ಜ್ವರಕ್ಕೇ ಹಿರಿತನ. ಚರಕಸಂಹಿತೆಯ ನಿದಾನಸ್ಥಾನ ತೊಡಗುವುದೇ ಜ್ವರದಿಂದ. ಅಲ್ಲಿ ಅದು ರುದ್ರನ ಕೋಪದಿಂದ ಹುಟ್ಟಿದ್ದು. ಈ ಸಂಸ್ಕೃತ ಶಬ್ದ ಕನ್ನಡದ ಮನೆಮನೆಯನ್ನೂ ಹೊಕ್ಕಿದೆ. ಆದರೂ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಯ ತಾಯಂದಿರ ಬಾಯಲ್ಲಿ ಅಚ್ಚಗನ್ನಡದ ‘ಉರಿ’ ಇನ್ನೂ ಆರಿಲ್ಲ. ನೆರೆಯ ಮರಾಠಿಗರು ‘ತಾಪ’ವೆಂದರೆ ಇವರು “ಹುಡುಗಗ ಉರಿ ಬಂದಾವ್ರಿ” ಎನ್ನುತ್ತಾರೆ.

ಒಂದು ಮೈಯ ಕಾವಿಗೆ ಬಹುವಚನವೇಕೆ ಎಂದು ತರಗತಿಯಲ್ಲಿ ಕೇಳಿದರೆ ನನ್ನ ವಿದ್ಯಾರ್ಥಿಗಳು ನಗುತ್ತಾರೆ. ನಕ್ಕು ಬಿಡುವ ಮಾತಲ್ಲ ಅದು. “ಉರಿ ಬಂದಾವ” ಎಂದರೆ ಜ್ವರ. “ಹೊಟ್ಟ್ಯಾಗ ಉರಿ ಆಗತೈತಿ” ಎಂದರೆ ಬೇರೆಯೇ ಬೇನೆ. ನಾಮಪದ ಒಂದೇ, ರೋಗದ ಗುರುತು ಕ್ರಿಯಾಪದದಲ್ಲಿದೆ. ಹೊರಸೀಮೆಯಿಂದ ಬಂದ ವೈದ್ಯನೊಬ್ಬ ಉರಿಯನ್ನಷ್ಟೇ ಕೇಳಿಸಿಕೊಂಡು ‘ಬಂದಾವ’ವನ್ನು ಕೈಬಿಟ್ಟರೆ ಜ್ವರಕ್ಕೆ ಎದೆಯುರಿಯ ಮದ್ದು ಕೊಟ್ಟಾನು!

ಪಂಡಿತರ ಮಾತೂ ಇಂಥ ತೊಡಕಿಗೆ ಹೊರತಲ್ಲ. ‘ವಿಷಮಜ್ವರ’ವೆಂದರೆ ಆಯುರ್ವೇದದಲ್ಲಿ ಕ್ರಮವಿಲ್ಲದೆ ಬಿಟ್ಟುಬಿಟ್ಟು ಬರುವ ಜ್ವರ. ಮೂರನೆಯ ದಿನಕ್ಕೆ ಮರಳುವ ತೃತೀಯಕ, ನಾಲ್ಕನೆಯ ದಿನಕ್ಕೆ ಮರಳುವ ಚತುರ್ಥಕಗಳು ಅದರ ಪ್ರಭೇದಗಳು. ಲಕ್ಷಣದಲ್ಲಿ ಇವು ಮಲೇರಿಯಾಕ್ಕೆ ಹತ್ತಿರ. ಇಂದಿನ ಕನ್ನಡದಲ್ಲಿ ಅದೇ ಶಬ್ದ ಟೈಫಾಯ್ಡಿಗೆ ಸಲ್ಲುತ್ತಿದೆ. ಒಂದು ಸೊಳ್ಳೆಯಿಂದ ಹರಡುವುದು, ಇನ್ನೊಂದು ಕೆಟ್ಟ ನೀರು ಅನ್ನಗಳಿಂದ. ಹಳೆಯ ವೈದ್ಯಗ್ರಂಥವನ್ನು ಹೊಸ ಅರ್ಥದಲ್ಲಿ ಓದಿದವನು ಒಂದು ರೋಗಕ್ಕೆ ಇನ್ನೊಂದರ ಕಾರಣ ಹುಡುಕಬೇಕಾದೀತು.

ಪರದೇಶದ ಹೆಸರುಗಳ ಗತಿಯೂ ಇಷ್ಟೆ. ಇಟಲಿಯ ಭಾಷೆಯಲ್ಲಿ ಮಲೇರಿಯಾ ಎಂದರೆ ಕೆಟ್ಟ ಗಾಳಿ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಒಡಲಲ್ಲಿ ರೋಗಾಣುವನ್ನು ಕಂಡ ಮೇಲೆ ಗಾಳಿ ನಿರಪರಾಧಿಯಾಯಿತು. ಹೆಸರು ಮಾತ್ರ ಉಳಿಯಿತು. ನಮ್ಮ ‘ಚಳಿಜ್ವರ’ ಯಾರ ಮೇಲೂ ತಪ್ಪು ಹೊರಿಸದೆ, ರೋಗಿ ಪಟ್ಟ ಪಾಡನ್ನಷ್ಟೇ ಹೇಳುತ್ತದೆ. 2006ರಲ್ಲಿ ಕರ್ನಾಟಕವನ್ನು ನರಳಿಸಿದ ಚಿಕುನ್‌ಗುನ್ಯಾ ಆಫ್ರಿಕದ ಮಾಕೊಂಡೆ ನುಡಿಯದು. ಬಾಗಿಸುವಂಥದು ಎಂಬುದು ಅದರ ಭಾವ. ನಮ್ಮ ಜನ ಅದರಲ್ಲಿ ‘ಚಿಕನ್’ ಕೇಳಿ ಕೋಳಿಯನ್ನು ಸಂಶಯಿಸಿದರು. ಅರ್ಥ ತಿಳಿದಿದ್ದರೆ, ಕೀಲು ಹಿಡಿದು ಬಾಗಿ ನಡೆಯುವ ನೆರೆಯವನಲ್ಲೇ ಅದನ್ನು ಕಾಣುತ್ತಿದ್ದರು.

ವೈದ್ಯವಿದ್ಯಾಲಯಗಳಲ್ಲಿ ಕನ್ನಡವನ್ನು ಕಲಿಸುವಾಗ ಆಯಾ ಸೀಮೆಯ ಈ ಮಾತುಗಳಿಗೂ ಎಡೆ ದೊರೆಯಬೇಕು. ನಮ್ಮ ವಿದ್ಯಾರ್ಥಿಗಳು ಅಜ್ಜಿಯರ ಬಾಯಿಂದ ಇವನ್ನು ಬರೆದುಕೊಳ್ಳಲಿ. ಪದವನ್ನಷ್ಟೇ ಅಲ್ಲ, ಅದರ ಕ್ರಿಯಾಪದವನ್ನೂ. ಉಷ್ಣಮಾಪಕ ಜ್ವರ ಎಷ್ಟೆಂಬುದನ್ನು ಹೇಳೀತು. ಅದು ಹೇಗೆ ಬಂತು, ಎಂದು ಬಿಟ್ಟಿತು, ಮತ್ತೆ ಯಾವಾಗ ಮರಳಿತು ಎಂಬುದನ್ನು ಹೇಳಬೇಕಾದವಳು ತಾಯಿಯೇ.