ಕಾಮಾಲೆ ಅಂಟುರೋಗವೇ?

ಮನೆಯಲ್ಲಿ ಒಬ್ಬರ ಕಣ್ಣು ಹಳದಿಯಾಯಿತೆಂದರೆ ಸಾಕು, ಅವರ ತಟ್ಟೆ ಲೋಟಗಳು ಬೇರೆಯಾಗುತ್ತವೆ, ಹಾಸಿಗೆ ಮೂಲೆ ಸೇರುತ್ತದೆ. ತುಮಕೂರು ನಗರದಲ್ಲಾಗಲಿ, ಗುಬ್ಬಿ ಕುಣಿಗಲ್‌ಗಳ ಹಳ್ಳಿಗಳಲ್ಲಾಗಲಿ ಈ ಭಯ ಹೊಸದಲ್ಲ. ಭಯ ಪೂರ್ತಿ ಸುಳ್ಳೂ ಅಲ್ಲ. ಆದರೆ ಅದು ತಡವಾಗಿ ಬರುತ್ತದೆ, ತಪ್ಪು ಕಡೆಗೆ ನೋಡುತ್ತದೆ.

ಕಾಮಾಲೆ ರೋಗವಲ್ಲ, ರೋಗದ ಕುರುಹು. ಮುದಿಯಾದ ರಕ್ತಕಣಗಳು ಒಡೆದಾಗ ಹುಟ್ಟುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಯಕೃತ್ತು ಪಿತ್ತರಸದೊಡನೆ ಕರುಳಿಗೆ ಸಾಗಿಸಬೇಕು. ಆ ಕಾರ್ಯ ಕೆಟ್ಟರೆ ಹಳದಿಯು ರಕ್ತದಲ್ಲಿ ಉಳಿದು ಕಣ್ಣಿನಲ್ಲಿ ತೋರುತ್ತದೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ, ಮದ್ಯದಿಂದ ಯಕೃತ್ತು ಹಾಳಾದರೂ ಹೀಗಾದೀತು. ಇಂಥ ಕಾಮಾಲೆ ಯಾರಿಗೂ ಅಂಟದು.

ಅಂಟುವುವು ವೈರಸ್‌ಗಳು. ಹೆಪಟೈಟಿಸ್ ‘ಬಿ’ ಮತ್ತು ‘ಸಿ’ ಹಿಡಿಯುವುದು ರಕ್ತದ ದಾರಿ: ಒಬ್ಬರಿಗೆ ಚುಚ್ಚಿದ ಸೂಜಿ, ಹಲವರಿಗೆ ಬಳಸಿದ ಕ್ಷೌರದ ಬ್ಲೇಡು. ‘ಬಿ’ ದಾಂಪತ್ಯದಿಂದಲೂ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೂ ದಾಟುತ್ತದೆ. ಆದುದರಿಂದಲೇ ಹುಟ್ಟಿದ 24 ಗಂಟೆಗಳೊಳಗೆ ಮಗುವಿಗೆ ಅದರ ಲಸಿಕೆ. ‘ಎ’ ಮತ್ತು ‘ಇ’ಗಳದು ಬೇರೆ ದಾರಿ, ಮಲದಿಂದ ನೀರಿಗೆ, ನೀರಿನಿಂದ ಬಾಯಿಗೆ. ‘ಎ’ ವೈರಸ್ ಅತಿ ಹೆಚ್ಚಾಗಿ ಹೊರಬೀಳುವುದು ಕಣ್ಣು ಹಳದಿಯಾಗುವುದಕ್ಕೆ ಮುಂಚಿನ ಎರಡು ವಾರಗಳಲ್ಲಿ. ತಟ್ಟೆ ಬೇರೆ ಮಾಡುವ ವೇಳೆಗೆ ರೋಗ ಹಂಚುವ ಕೆಲಸ ಬಹುಮಟ್ಟಿಗೆ ಮುಗಿದಿರುತ್ತದೆ!

ದೆಹಲಿಯಲ್ಲಿ ನಡೆದುದನ್ನು ನೋಡಬೇಕು. 1955ರ ನೆರೆಯ ತರುವಾಯ ಯಮುನೆ ಪಾತ್ರ ಬದಲಿಸಲು, ನಜಫ್‌ಗಢ ಕಾಲುವೆಯ ಕೊಳೆ ನಗರಕ್ಕೆ ನೀರೆತ್ತುವ ವಜೀರಾಬಾದಿನ ಬಳಿಗೆ ಬಂದಿತು. ಅಧಿಕಾರಿಗಳು ಕ್ಲೋರಿನ್ ಹೆಚ್ಚಿಸಿದರು, ವಿಷಮಶೀತಜ್ವರ ಏರಲಿಲ್ಲ. ಎಲ್ಲರೂ ನಿಶ್ಚಿಂತರಾದರು. ನೀರು ಕೆಟ್ಟದ್ದು ನವೆಂಬರಿನಲ್ಲಿ. ಡಿಸೆಂಬರಿನಿಂದ ಜನವರಿಯೊಳಗೆ ಕಾಮಾಲೆಯಾದವರು ಸುಮಾರು 29,000 ಮಂದಿ. ಅಂದು ಕಾದಿರಿಸಿದ್ದ ರಕ್ತದ ಮಾದರಿಗಳನ್ನು ದಶಕಗಳ ಅನಂತರ ಪರೀಕ್ಷಿಸಿದಾಗ ಅಪರಾಧಿ ‘ಇ’ ಎಂದು ತಿಳಿಯಿತು.

ತುಮಕೂರಿನ ನಲ್ಲಿಗೆ ಬರುವುದು ಬುಗುಡನಹಳ್ಳಿ ಕೆರೆಯಲ್ಲಿ ನಿಂತ ಹೇಮಾವತಿಯ ನೀರು. ಕೆರೆ ಶುದ್ಧವಾಗಿದ್ದರೂ ಚರಂಡಿಯ ಮಗ್ಗುಲಲ್ಲಿ ಒಂದು ಕೊಳವೆ ಬಿರುಕುಬಿಟ್ಟರೆ ಸಾಕು, ಬೀದಿಗೆ ಬೀದಿಯೇ ಮಲಗೀತು. ಒಂದೇ ಬೀದಿಯಲ್ಲಿ ಮೂರು ನಾಲ್ಕು ಮನೆಗಳಲ್ಲಿ ಕಣ್ಣು ಹಳದಿಯಾದರೆ ವಿಚಾರಿಸಬೇಕಾದುದು ರೋಗಿಯ ತಟ್ಟೆಯನ್ನಲ್ಲ, ಬೀದಿಯ ನೀರನ್ನು. ಅಲ್ಲಿಯವರೆಗೆ ಕುಡಿಯುವ ನೀರು ಚೆನ್ನಾಗಿ ಕುದಿದು ಆರಿದ್ದಾಗಿರಲಿ. ಶೌಚದ ಅನಂತರ ಕೈಗೆ ಸೋಪು ತಾಗಲಿ.

ಹೆಚ್ಚಿನವರಿಗೆ ‘ಎ’ಯೂ ‘ಇ’ಯೂ ವಿಶ್ರಾಂತಿಯಿಂದಲೇ ಇಳಿಯುತ್ತವೆ, ನಾಟಿ ಔಷಧಿಗೆ ಅಷ್ಟು ಕೀರ್ತಿ ಬಂದುದಕ್ಕೆ ಇದೂ ಒಂದು ಕಾರಣ. ಬಸುರಿಯರ ಮಾತು ಬೇರೆ. ದಿನ ತುಂಬುತ್ತಿರುವ ಬಸುರಿಗೆ ‘ಇ’ ಹಿಡಿದರೆ ತಾಯಿ ಮಗು ಇಬ್ಬರ ಪ್ರಾಣಕ್ಕೂ ಸಂಚಕಾರ. ಅಂಥವಳನ್ನು ಮೂರು ದಿನ ಬೇರಿನ ಕಷಾಯ ಕುಡಿಸಿ ಕಾಯುವುದು ಸಲ್ಲದು. ಗುಬ್ಬಿ ಕುಣಿಗಲ್‌ಗಳ ತಾಲ್ಲೂಕು ಆಸ್ಪತ್ರೆಗೋ ತುಮಕೂರಿನ ಜಿಲ್ಲಾ ಆಸ್ಪತ್ರೆಗೋ ಅಂದೇ ಕರೆದೊಯ್ಯಬೇಕು.